ಕರಿಕೋಟಿಲ್ಲದ ವಕೀಲರು

ಅಮೆರಿಕದ ಯಾವ ನರ್ಸಿಂಗ್ ಹೋಮಿಗೆ ಹೋದರೂ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಭಿತ್ತಿಪತ್ರ ಇರಲೇಬೇಕು. ಅದರ ಮೇಲೊಂದು ಫೋನ್ ನಂಬರು. ಇಲ್ಲಿ ಇರುವವರಿಗೆ ಏನೇ ತೊಂದರೆಯಾದರೂ ಈ ನಂಬರಿಗೆ ಹೇಳಿ ಎಂಬ ಸೂಚನೆ. ಅದನ್ನು ಅಲ್ಲಿ ಅಂಟಿಸಿರುವುದು ಮಾಲೀಕರ ದೊಡ್ಡ ಮನಸ್ಸಿನಿಂದಲ್ಲ, ಕಾನೂನಿನ ಕಟ್ಟಳೆಯಿಂದ. ಫೋನಿನ ಆ ತುದಿಯಲ್ಲಿರುವುದು ಓಂಬುಡ್ಸ್‌ಮನ್ ಕಚೇರಿ. ನಮ್ಮ ಬ್ಯಾಂಕುಗಳ ಗೋಡೆಯ ಮೇಲೆ ಬ್ಯಾಂಕಿಂಗ್ ಓಂಬುಡ್ಸ್‌ಮನ್ ವಿಳಾಸವನ್ನು ನೀವು ನೋಡಿರಬಹುದು. ಹೆಸರು ಅದೇ, ಕೆಲಸದ ರೀತಿ ಮಾತ್ರ ಬೇರೆ. ಅಲ್ಲಿ ಕಾಗದ ಬರೆದು ಉತ್ತರಕ್ಕೆ ಕಾಯುವುದಲ್ಲ, ದೂರು ಕೇಳಲು ಒಬ್ಬ ಮನುಷ್ಯ ಹಾಸಿಗೆಯ ಪಕ್ಕಕ್ಕೇ ಬಂದು ಕೂರುತ್ತಾನೆ. ಹಾಗೆ ಬಂದು ಕೂರುವವರಲ್ಲಿ ಅನೇಕರಿಗೆ ಸಂಬಳವಿಲ್ಲ. ನಿವೃತ್ತ ಶಿಕ್ಷಕಿಯರು, ಕಚೇರಿಯಲ್ಲಿ ದುಡಿದು ಪಿಂಚಣಿಗೆ ಬಂದವರು, ತಾಯಿಯನ್ನೋ ಗಂಡನನ್ನೋ ಇಂಥದೇ ಮನೆಯಲ್ಲಿ ಕಳೆದುಕೊಂಡವರು. ಇವತ್ತಿನ ಮಾತು ಆ ಸ್ವಯಂಸೇವಕರ ಬಗ್ಗೆ.

ಮೊದಲು ಒಂದು ವಿವರ ಹೇಳಿಬಿಡಬೇಕು. ನಮ್ಮೂರುಗಳಲ್ಲಿ ನರ್ಸಿಂಗ್ ಹೋಂ ಅಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ನಾಲ್ಕು ದಿನ ಇದ್ದು ಬರುವ ಸಣ್ಣ ಆಸ್ಪತ್ರೆ. ಅಲ್ಲಿ ಅದು ಕೈಕಾಲು ಆಡದವರು, ಮರೆವಿನ ಕಾಯಿಲೆಯವರು, ದಿನವಿಡೀ ಆರೈಕೆ ಬೇಕಾದವರು ತಿಂಗಳು, ವರ್ಷಗಟ್ಟಲೆ ಇರುವ ಮನೆ. ಅನೇಕರಿಗೆ ಅದೇ ಕೊನೆಯ ವಿಳಾಸ. ಇಂಥವು ಆ ದೇಶದಲ್ಲಿ ಸುಮಾರು 15,000 ಇವೆ. ಅವುಗಳಲ್ಲಿರುವವರು 12 ಲಕ್ಷಕ್ಕೂ ಮೇಲೆ. ಸ್ನಾನಕ್ಕೆ, ಮಾತ್ರೆಗೆ, ಊಟಕ್ಕೆ ಅಷ್ಟಿಷ್ಟು ನೆರವು ಸಾಕೆನ್ನುವವರ ಆಸರೆ ಮನೆಗಳು ಇವಲ್ಲದೆ ಬೇರೆ.

ಸ್ವಯಂಸೇವಕರು ಮುಂಚೆ ತಿಳಿಸಿ ಹೋಗುವುದಿಲ್ಲ. ಊಟ ಬಡಿಸುವ ಹೊತ್ತಿಗೋ, ಪಾಳಿ ಬದಲಾಗುವ ಹೊತ್ತಿಗೋ, ಕೆಲಸದವರು ಕಡಿಮೆಯಿರುವ ಭಾನುವಾರವೋ ಹೋಗುತ್ತಾರೆ. ಕೊರಳಲ್ಲಿ ಗುರುತಿನ ಚೀಟಿ ಇರುತ್ತದೆ. ಅವರನ್ನು ಬಾಗಿಲಲ್ಲೇ ತಡೆಯಲು ಮಾಲೀಕರಿಗೆ ಹಕ್ಕಿಲ್ಲ. ಆದರೆ ಆ ಕೋಣೆಯಲ್ಲಿರುವ ಅಜ್ಜಿಗೆ ತಡೆಯುವ ಹಕ್ಕಿದೆ. ಬಾಗಿಲು ತಟ್ಟಬೇಕು, ಬರಬಹುದೇ ಎಂದು ಕೇಳಬೇಕು, ಅಜ್ಜಿ ಬೇಡ ಎಂದರೆ ಹಿಂದಿರುಗಬೇಕು. ನೋಡುವವರಿಗೆ ಅದು ವಾರ್ಡಿನ ಹಾಗೆ ಕಂಡರೂ ಅಜ್ಜಿಗೆ ಅದು ಮನೆ.

ಒಳಗೆ ಹೋದ ಮೇಲೆ ಅವರು ನೋಡುವುದು ಬಹಳ ಸಣ್ಣ ಸಂಗತಿಗಳನ್ನು. ನೀರಿನ ಲೋಟ ಕೈಗೆ ಎಟುಕುವಷ್ಟು ಹತ್ತಿರದಲ್ಲಿದೆಯೇ? ಕರೆಗಂಟೆಯ ಗುಂಡಿ ಹಾಸಿಗೆಯ ಮೇಲಿದೆಯೇ, ಕೆಳಗೆ ಬಿದ್ದಿದೆಯೇ? ಬಾಗಿಲ ಮೇಲಿನ ಕೆಂಪು ದೀಪ ಎಷ್ಟು ಹೊತ್ತಿನಿಂದ ಉರಿಯುತ್ತಿದೆ? ಕಾರಿಡಾರಿನಲ್ಲಿ ಮೂತ್ರದ ವಾಸನೆ ಇದೆಯೇ? ಕೇಳಿಬರುವ ದೂರುಗಳೂ ಹೆಚ್ಚಾಗಿ ಇಂಥವೇ. ಅನ್ನ ಆರಿ ತಣ್ಣಗಾದ ಮೇಲೆ ತಂದುಕೊಟ್ಟರು. ಒಗೆಯಲು ಹೋದ ಸ್ವೆಟರು ಪಕ್ಕದ ಕೋಣೆಯವರ ಮೈಮೇಲೆ ಕಂಡಿತು. ಊಟದ ತಟ್ಟೆಯ ಜೊತೆ ಕಟ್ಟಿಸಿದ ಹಲ್ಲಿನ ಸೆಟ್ಟೂ ಕಸದ ಡಬ್ಬಿಗೆ ಹೋಯಿತು. ಬಚ್ಚಲಿಗೆ ಕರೆದುಕೊಂಡು ಹೋಗಿ ಎಂದು ಗಂಟೆ ಒತ್ತಿ ಒತ್ತಿ ಸಾಕಾಯಿತು, ಕೊನೆಗೆ ಹಾಸಿಗೆಯಲ್ಲೇ ಆಯಿತು. ಪತ್ರಿಕೆಯ ಮುಖಪುಟಕ್ಕೆ ಏರುವ ಸುದ್ದಿ ಇವುಗಳಲ್ಲಿ ಒಂದೂ ಇಲ್ಲ. ಆದರೆ ಎಂಬತ್ತೈದು ವರ್ಷ ಮಾನವಾಗಿ ಬಾಳಿದವರಿಗೆ ಹಾಸಿಗೆ ಒದ್ದೆಯಾಗುವುದು ಸಣ್ಣ ವಿಷಯವಲ್ಲ.

ಇದಕ್ಕೆ ತರಬೇತಿ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ 36 ಗಂಟೆಯ ಪಾಠ ಕೇಳಿ, ಅನುಭವಸ್ಥರ ಜೊತೆ ಓಡಾಡಿ ಕಲಿತ ಮೇಲಷ್ಟೇ ಪ್ರಮಾಣಪತ್ರ. ತಮ್ಮವರು ಆ ಮನೆಯಲ್ಲಿ ಕೆಲಸಕ್ಕಿದ್ದರೆ, ಆ ಸಂಸ್ಥೆಯಲ್ಲಿ ತಮ್ಮ ಹಣ ಹೂಡಿದ್ದರೆ, ಅವರು ಅಲ್ಲಿಗೆ ಹೋಗುವಂತಿಲ್ಲ. ಹೋದವರಿಗೂ ಕಟ್ಟುಪಾಡುಗಳಿವೆ. ಅಜ್ಜಿಯನ್ನು ಎತ್ತಿ ಕೂರಿಸಬಾರದು, ತುತ್ತು ತಿನ್ನಿಸಬಾರದು, ಉಡುಗೊರೆ ತೆಗೆದುಕೊಳ್ಳಬಾರದು, ಅವರ ದುಡ್ಡಿನ ವ್ಯವಹಾರಕ್ಕೆ ಕೈಹಾಕಬಾರದು. ಸೇವೆ ಅಂದರೆ ಕೈಯಿಂದ ಮಾಡುವ ಕೆಲಸ ಎಂದು ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಪಕ್ಕದಲ್ಲಿ ಕೂತವರು ಬಾಯಾರಿದವರಿಗೆ ನೀರನ್ನೂ ಕುಡಿಸದೆ, ಕೆಲಸದವರನ್ನು ಕರೆದು ಕುಡಿಸಿ ಎನ್ನಬೇಕೆ? ಹೌದು, ಹಾಗೆಯೇ. ಅಜ್ಜಿಗೆ ನುಂಗುವ ತೊಂದರೆ ಇರಬಹುದು, ನೀರು ಶ್ವಾಸಕೋಶಕ್ಕೆ ಇಳಿಯಬಹುದು ಎನ್ನುವುದು ಒಂದು ಕಾರಣ. ಕೆಲಸದವರ ಕೊರತೆಯನ್ನು ಸ್ವಯಂಸೇವಕರ ಕೈಯಿಂದ ಮುಚ್ಚಿಬಿಟ್ಟರೆ ಆ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ ಎನ್ನುವುದು ಇನ್ನೊಂದು. ನನಗೆ ಈ ಎರಡನೆಯ ಕಾರಣವೇ ದೊಡ್ಡದಾಗಿ ಕಾಣುತ್ತದೆ.

ಇನ್ನು ಈ ಕೆಲಸದ ತಿರುಳಿಗೆ ಬರುತ್ತೇನೆ. ಒಂದು ಸಂದರ್ಭ ಇಟ್ಟುಕೊಳ್ಳೋಣ. ರಾತ್ರಿ ಪಾಳಿಯ ಒಬ್ಬಳು ತನ್ನನ್ನು ಒರಟಾಗಿ ಹೊರಳಿಸುತ್ತಾಳೆ ಎಂದು ಅಜ್ಜಿ ಮೆಲ್ಲನೆ ಹೇಳುತ್ತಾರೆ. ತೋಳಿನ ಮೇಲೆ ಕಂದಿದ ಗುರುತೂ ಇದೆ. ಕೇಳಿದವರ ರಕ್ತ ಕುದಿಯುತ್ತದೆ. ಆದರೆ ಅಜ್ಜಿ, "ಯಾರಿಗೂ ಹೇಳಬೇಡಿ, ನೀವು ಹೋದ ಮೇಲೆ ರಾತ್ರಿ ಬರುವವಳು ಅವಳೇ" ಎನ್ನುತ್ತಾರೆ. ನೀರಿನಲ್ಲಿದ್ದು ಮೊಸಳೆಯ ಜೊತೆ ಹಗೆ ಕಟ್ಟಿಕೊಳ್ಳಲಾಗದು ಎಂಬ ಲೆಕ್ಕ ಅವರದು. ಆಗ ಸ್ವಯಂಸೇವಕಿ ಏನು ಮಾಡಬೇಕು?

ನೀವಾಗಿದ್ದರೆ ನೇರ ಮ್ಯಾನೇಜರರ ಕೋಣೆಗೆ ಹೋಗುತ್ತಿದ್ದಿರಿ. ನಾನೂ ಹೋಗುತ್ತಿದ್ದೆ. ಆಕೆ ಹೋಗುವಂತಿಲ್ಲ. ಆ ದೇಶದ ನಿಯಮದ ಪ್ರಕಾರ ಅಜ್ಜಿಯ ಒಪ್ಪಿಗೆಯಿಲ್ಲದೆ ಅವರ ಹೆಸರನ್ನಾಗಲಿ ದೂರನ್ನಾಗಲಿ ಹೊರಗೆ ಬಾಯಿಬಿಡುವಂತಿಲ್ಲ. ಪೊಲೀಸರಿಗೂ ಇಲ್ಲ, ಮಗನಿಗೂ ಇಲ್ಲ. ಹಿಂಸೆ ಕಂಡರೆ ವರದಿ ಮಾಡಲೇಬೇಕು ಎಂದು ವೈದ್ಯರಿಗೂ ದಾದಿಯರಿಗೂ ರಾಜ್ಯಗಳ ಕಾನೂನು ಹೇಳುತ್ತದೆ. ಓಂಬುಡ್ಸ್‌ಮನ್ ಕಡೆಯವರಿಗೆ ಮಾತ್ರ ಕೇಂದ್ರದ ನಿಯಮವೇ ಅದರಿಂದ ಬಿಡುವು ಕೊಟ್ಟು, ಬಾಯಿಗೆ ಬೀಗ ಹಾಕಿದೆ. ಇದರ ಬಗ್ಗೆ ಅಲ್ಲಿ ಜಗಳ ನಡೆದೇ ಇದೆ. ಬೀಗ ಹಾಕಿದ್ದೇಕೆ? ಹೇಳಿದ ಮಾತು ಹೊರಗೆ ಹೋಗುವುದಿಲ್ಲ ಎಂಬ ಭರವಸೆಯಿಲ್ಲದಿದ್ದರೆ ಅಜ್ಜಿ ತೋಳನ್ನು ತೋರಿಸುತ್ತಲೇ ಇರಲಿಲ್ಲ ಎಂಬುದು ಬೀಗದ ಪರ ಇರುವವರ ವಾದ.

ಹಾಗೆಂದು ಸ್ವಯಂಸೇವಕಿ ಕೈಕಟ್ಟಿ ಕೂರಬೇಕಾಗಿಲ್ಲ. ಮತ್ತೆ ಬರುತ್ತಾಳೆ. ಹೀಗೂ ಮಾಡಬಹುದು, ಹಾಗೂ ಮಾಡಬಹುದು ಎಂದು ದಾರಿಗಳನ್ನು ಮುಂದಿಡುತ್ತಾಳೆ. ನಿಮ್ಮ ಹೆಸರೆತ್ತದೆ, ಇಡೀ ರಾತ್ರಿ ಪಾಳಿಯವರಿಗೆ ರೋಗಿಯನ್ನು ಹೊರಳಿಸುವ ಪಾಠ ಇನ್ನೊಮ್ಮೆ ಮಾಡಿಸಿ ಎಂದು ಕೇಳಲೇ ಎನ್ನುತ್ತಾಳೆ. ಇದೇ ಮಾತು ಬೇರೆ ಕೋಣೆಗಳಲ್ಲೂ ಕಿವಿಗೆ ಬೀಳುತ್ತದೆಯೇ ಎಂದು ಗಮನಿಸುತ್ತಾಳೆ. ಹೊತ್ತು ಗೊತ್ತಿಲ್ಲದೆ ರಾತ್ರಿ ಬಂದು ಕಾರಿಡಾರಿನಲ್ಲಿ ಒಂದು ಸುತ್ತು ಹಾಕುತ್ತಾಳೆ. ಕೆಲವೊಮ್ಮೆ ಅಷ್ಟಕ್ಕೇ ಕೈಗಳು ಮೆತ್ತಗಾಗುತ್ತವೆ. ಅಜ್ಜಿಗೆ ಪ್ರಜ್ಞೆಯೇ ಸರಿಯಿಲ್ಲದಿದ್ದರೆ, ಅವರ ಪರವಾಗಿ ನಿಲ್ಲುವವರೂ ಯಾರೂ ಇಲ್ಲದಿದ್ದರೆ, ಮುಂದೇನು ಎನ್ನುವುದಕ್ಕೆ ಬೇರೆ ವಿಧಾನವಿದೆ. ಆಗ ತೀರ್ಮಾನ ಮೇಲಿನ ಕಚೇರಿಯದು.

ಇನ್ನೂ ಕಷ್ಟದ ಪ್ರಶ್ನೆ ಮಕ್ಕಳು ಎದುರಾದಾಗ ಬರುತ್ತದೆ. ತಾಯಿಗೆ ಸಕ್ಕರೆ ಕಾಯಿಲೆ. ಸಿಹಿ ಕೊಡಲೇಬೇಡಿ ಎಂದು ಮಗ ಬರೆದುಕೊಟ್ಟು ಹೋಗಿದ್ದಾನೆ. ತಾಯಿಗೆ ಭಾನುವಾರ ಒಂದು ಚೂರು ಕೇಕು ಬೇಕು. ಸ್ವಯಂಸೇವಕ ಯಾರ ಕಡೆ? ತಾಯಿಯ ಕಡೆ. ಮಗ ಒಳ್ಳೆಯವನೇ ಇರಬಹುದು, ಆತ ಹೇಳುವುದು ವೈದ್ಯಕೀಯವಾಗಿ ಸರಿಯೇ ಇರಬಹುದು. ಆದರೂ ಪಥ್ಯವನ್ನು ಒಲ್ಲೆ ಎನ್ನುವ ಹಕ್ಕು, ಬುದ್ಧಿ ಸ್ವಾಧೀನದಲ್ಲಿರುವ ಆ ತಾಯಿಗೇ ಸೇರಿದ್ದು. ಅದರಿಂದ ಏನಾಗಬಹುದು ಎಂದು ವೈದ್ಯರು ಅವರಿಗೆ ತಿಳಿಸಿರಬೇಕು, ಅಷ್ಟೇ. ಹಿರಿಯರಿಗೆ ಒಳ್ಳೆಯದು ಯಾವುದು ಎಂದು ಅಕ್ಕಪಕ್ಕದವರೆಲ್ಲ ಸೇರಿ ತೀರ್ಮಾನ ಮಾಡಿ, ಅದಕ್ಕೇ ಪ್ರೀತಿ ಎಂದು ಹೆಸರಿಡುವ ನಮ್ಮ ಮನೆಗಳಿಗೆ ಈ ಪಾಠ ಕಹಿ. ಅಮ್ಮನಿಗೆ ಏನು ಬೇಕು ಎಂದು ಅಮ್ಮನನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಅಪ್ಪ ಬದುಕಿದ್ದಾಗಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಕೇಕಿನಿಂದ ಹಣದ ವಿಷಯಕ್ಕೆ ಬರೋಣ. ಜಗಳಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಅಲ್ಲೇ. ಅಮೆರಿಕದ ಹಿರಿಯರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ನರ್ಸಿಂಗ್ ಹೋಮಿಗೆ ಬಂದವರಿಗೆ ಅದು ಹೆಚ್ಚೆಂದರೆ 100 ದಿನ ಖರ್ಚು ಕೊಡುತ್ತದೆ. ಪೂರ್ತಿ ಕೊಡುವುದು ಮೊದಲ 20 ದಿನ ಮಾತ್ರ. ಆಮೇಲೆ ಕೈಯಿಂದ ತೆರಬೇಕು. ಕೈ ಬರಿದಾದ ಮೇಲೆ ಬಡವರಿಗಾಗಿ ಇರುವ ಮೆಡಿಕೇಡ್ ಬರುತ್ತದೆ, ಆದರೆ ಅದು ಕೊಡುವ ದರ ಕಡಿಮೆ. ಮಾಲೀಕನ ಲೆಕ್ಕ ಈಗ ನಿಮಗೆ ಗೊತ್ತಾಯಿತು. ಹೆಚ್ಚು ದರದ ದಿನಗಳು ಮುಗಿದವರ ಹಾಸಿಗೆ ಖಾಲಿಯಾದರೆ ಹೊಸ ಗಿರಾಕಿ ಬರುತ್ತಾನೆ. ಆಗ ಮನೆಯವರಿಗೆ ಫೋನ್ ಬರುತ್ತದೆ: ನಿಮ್ಮ ತಾಯಿಯ ಚಿಕಿತ್ಸೆ ಮುಗಿಯಿತು, ಶುಕ್ರವಾರ ಕರೆದುಕೊಂಡು ಹೋಗಿ.

ಹಾಗೆ ಕಳಿಸಲು ಬರುವುದಿಲ್ಲ ಎನ್ನುವುದು ಸ್ವಯಂಸೇವಕನಿಗೆ ಗೊತ್ತಿರುತ್ತದೆ, ಮನೆಯವರಿಗೆ ಗೊತ್ತಿರುವುದಿಲ್ಲ. ಒಬ್ಬರನ್ನು ಹೊರಗೆ ಕಳಿಸಲು ಕಾನೂನು ಒಪ್ಪುವ ಕಾರಣಗಳು ಆರೇ ಆರು. ಅವರಿಗೆ ಬೇಕಾದ ಆರೈಕೆ ಅಲ್ಲಿ ಸಾಧ್ಯವಿಲ್ಲದಿರಬೇಕು, ಇಲ್ಲವೇ ಆರೋಗ್ಯ ಸುಧಾರಿಸಿರಬೇಕು. ಅವರಿಂದ ಉಳಿದವರ ಸುರಕ್ಷತೆಗೋ ಆರೋಗ್ಯಕ್ಕೋ ಅಪಾಯವಿರಬೇಕು. ಹಣ ಕಟ್ಟದೆ ಇರಬೇಕು. ಅಥವಾ ಆ ಮನೆಯೇ ಮುಚ್ಚಿಹೋಗಬೇಕು. ಮೆಡಿಕೇರ್ ದಿನಗಳು ಮುಗಿದವು ಎನ್ನುವುದು ಈ ಆರರಲ್ಲಿ ಎಲ್ಲೂ ಇಲ್ಲ. ಸಾಮಾನ್ಯವಾಗಿ 30 ದಿನ ಮುಂಚೆ ಲಿಖಿತ ನೋಟಿಸು ಕೊಡಬೇಕು, ಅದರ ಒಂದು ಪ್ರತಿ ಓಂಬುಡ್ಸ್‌ಮನ್ ಕಚೇರಿಗೂ ಹೋಗಬೇಕು, ಮೇಲ್ಮನವಿ ಹಾಕಲು ದಾರಿಯಿರಬೇಕು. ಸರ್ಕಾರಿ ಕಡತಗಳ ಜೊತೆ ಬದುಕು ಸವೆಸಿದ ನನಗೆ ಈ ಭಾಗ ಬಹಳ ಹಿಡಿಸಿತು. ಒಬ್ಬ ನಿವೃತ್ತ ಗುಮಾಸ್ತ ನೋಟಿಸನ್ನು ಕೈಗೆತ್ತಿಕೊಂಡು, ಕಾರಣದ ಕಲಂ ಖಾಲಿ ಬಿಟ್ಟಿದ್ದೀರಲ್ಲ ಎಂದು ಮ್ಯಾನೇಜರರನ್ನು ನಯವಾಗಿ ಕೇಳುತ್ತಾನೆ. ಒಂದು ಜೀವ ಬೀದಿಗೆ ಬೀಳುವುದನ್ನು ತಡೆಯಲು ಅನೇಕ ಸಲ ಅಷ್ಟು ಸಾಕು. ದೇಶದಾದ್ಯಂತ ಈ ಕಚೇರಿಗಳು ವರ್ಷಕ್ಕೆ ಸುಮಾರು ಎರಡು ಲಕ್ಷ ದೂರುಗಳನ್ನು ನೋಡುತ್ತವೆ. ನರ್ಸಿಂಗ್ ಹೋಮಿನವರ ದೂರುಗಳಲ್ಲಿ ಹೀಗೆ ಹೊರಹಾಕುವ ವಿಷಯ ವರ್ಷದಿಂದ ವರ್ಷಕ್ಕೆ ಮುಂಚೂಣಿಯಲ್ಲೇ ಇದೆ.

ಇನ್ನೊಂದು ಅಂಕಿ ಹೇಳುತ್ತೇನೆ, ಕೇಳಿ. ಮೆಡಿಕೇಡಿನ ಮೇಲೆ ಇರುವವರ ಪಿಂಚಣಿಯೆಲ್ಲ ಆ ಮನೆಯ ಖರ್ಚಿಗೆ ಹೋಗುತ್ತದೆ. ಕೈಖರ್ಚಿಗೆ ಎಂದು ಅವರಿಗೆ ತಿಂಗಳಿಗೆ ಉಳಿಸಿಕೊಡಬೇಕಾದ ಕನಿಷ್ಠ ಮೊತ್ತ 30 ಡಾಲರ್. ಕ್ಷೌರ, ಫೋನು, ಮೊಮ್ಮಗುವಿಗೊಂದು ಹುಟ್ಟುಹಬ್ಬದ ಕಾರ್ಡು, ಎಲ್ಲ ಅದರಲ್ಲೇ. ಕೆಲವು ರಾಜ್ಯಗಳು ಹೆಚ್ಚು ಕೊಡುತ್ತವೆ. ಕೇಂದ್ರದ ಕನಿಷ್ಠ ಮಾತ್ರ 1988ರಿಂದ ಇದ್ದಲ್ಲೇ ಇದೆ.

ಈ ವ್ಯವಸ್ಥೆ ಹುಟ್ಟಿದ್ದು ಸಿಟ್ಟಿನಿಂದ. 1965ರಲ್ಲಿ ಮೆಡಿಕೇರ್, ಮೆಡಿಕೇಡ್ ಬಂದವು. ಸರ್ಕಾರದ ಹಣ ಹರಿಯತೊಡಗಿತು, ಅದರ ಬೆನ್ನಿಗೇ ನರ್ಸಿಂಗ್ ಹೋಮುಗಳು ಅಣಬೆಗಳಂತೆ ಎದ್ದವು. 1970ರ ಜನವರಿಯಲ್ಲಿ ಒಹಾಯೊ ರಾಜ್ಯದ ಮರಿಯೆಟ್ಟ ಎಂಬ ಊರಿನ ಒಂದು ನರ್ಸಿಂಗ್ ಹೋಮಿಗೆ ಬೆಂಕಿ ಬಿದ್ದು ಮೂವತ್ತಕ್ಕೂ ಹೆಚ್ಚು ವೃದ್ಧರು ಸತ್ತರು. ಮರುವರ್ಷ ಅಧ್ಯಕ್ಷ ನಿಕ್ಸನ್ ಸುಧಾರಣೆಯ ಎಂಟು ಅಂಶಗಳನ್ನು ಪ್ರಕಟಿಸಿದರು. ಮನೆಗಳಲ್ಲಿರುವವರ ದೂರು ಕೇಳಲು ಒಂದು ಏರ್ಪಾಡು ಬೇಕು ಎನ್ನುವುದು ಅವುಗಳಲ್ಲಿ ಒಂದು. 1972ರಲ್ಲಿ ಐಡಹೊ, ಮಿಷಿಗನ್, ಪೆನ್ಸಿಲ್ವೇನಿಯ, ಸೌತ್ ಕೆರೊಲಿನ, ವಿಸ್ಕಾನ್ಸಿನ್ ಎಂಬ ಐದು ರಾಜ್ಯಗಳಲ್ಲಿ ಪ್ರಯೋಗ ಶುರುವಾಯಿತು. ಹಿರಿಯರ ಇಲಾಖೆಯ ಆಯುಕ್ತರಾಗಿದ್ದ ಆರ್ಥರ್ ಫ್ಲೆಮಿಂಗ್ ಅದನ್ನು ಎಲ್ಲ ರಾಜ್ಯಗಳಿಗೂ ಹಬ್ಬಿಸಲು ಹಟ ಹಿಡಿದರು. 1978ರಲ್ಲಿ ಅದು ಪ್ರತಿ ರಾಜ್ಯಕ್ಕೂ ಕಡ್ಡಾಯವಾಯಿತು. 1987ರಲ್ಲಿ ಬಂದ ದೊಡ್ಡ ಕಾನೂನು ಒಳಗಿರುವವರ ಹಕ್ಕುಗಳನ್ನು ಒಂದೊಂದಾಗಿ ಬರೆದಿಟ್ಟಿತು. ಅದಕ್ಕೆ ಮುಂಚೆ ಗಲಾಟೆ ಮಾಡುವ ಮುದುಕರನ್ನು ಕುರ್ಚಿಗೋ ಮಂಚಕ್ಕೋ ಕಟ್ಟಿಹಾಕುವುದು ಸಾಮಾನ್ಯ ಪದ್ಧತಿಯಾಗಿತ್ತು. ಬಿದ್ದುಬಿಟ್ಟಾರು ಎಂಬ ಕಾಳಜಿಯ ಹೆಸರಿನಲ್ಲೇ ಕಟ್ಟುತ್ತಿದ್ದರು. ಈಗ ಕಟ್ಟಿಹಾಕುವುದು ಬಹಳ ಅಪರೂಪ. ಹಗ್ಗದ ಬದಲು ಮತ್ತು ಬರಿಸುವ ಮಾತ್ರೆ ಕೊಡುವುದು ಮಾತ್ರ ಇನ್ನೂ ನಿಂತಿಲ್ಲ, ಅದಕ್ಕೂ ಸ್ವಯಂಸೇವಕರು ಕಣ್ಣಿಡಬೇಕು.

2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಈ ಮನೆಗಳ ಬಾಗಿಲು ಮುಚ್ಚಿತು. ಮಕ್ಕಳಿಗೂ ಪ್ರವೇಶವಿಲ್ಲ, ಸ್ವಯಂಸೇವಕರಿಗೂ ಇಲ್ಲ. ಹೊರಗಿನ ಕಣ್ಣು ಇಲ್ಲದ ಆ ಕಾಲದಲ್ಲಿ ಒಳಗೆ ಏನೇನು ನಡೆಯಿತು ಎಂಬುದರ ಪೂರ್ತಿ ಲೆಕ್ಕ ಯಾರ ಹತ್ತಿರವೂ ಇಲ್ಲ. ಸಾವಿನ ಲೆಕ್ಕ ಮಾತ್ರ ಇದೆ. ಎರಡು ವರ್ಷದಲ್ಲಿ ಒಳಗಿದ್ದವರೂ ಅಲ್ಲಿ ದುಡಿಯುತ್ತಿದ್ದವರೂ ಸೇರಿ ಸುಮಾರು ಎರಡು ಲಕ್ಷ ಜನ ಹೋದರು. ಸ್ವಯಂಸೇವಕರಲ್ಲೂ ಬಹುತೇಕರು ವಯಸ್ಸಾದವರೇ, ಅನೇಕರು ಮರಳಿ ಬರಲಿಲ್ಲ. ಮುಂಚೆ ಸುಮಾರು ಆರು ಸಾವಿರ ಇದ್ದವರ ಸಂಖ್ಯೆ ಬಹಳ ಇಳಿಯಿತು. ಎರಡು ಸಾವಿರ ಹಾಸಿಗೆಗೆ ಸಂಬಳದ ಒಬ್ಬರಾದರೂ ಇರಲಿ ಎಂದು ತಜ್ಞರ ಸಮಿತಿಯೊಂದು 1995ರಲ್ಲೇ ಹೇಳಿತ್ತು. ಅದೂ ಎಲ್ಲ ಕಡೆ ಆಗಿಲ್ಲ.

ಹೊಗಳಿಕೆಯ ನಡುವೆ ಒಂದು ಮಾತು ಮರೆಯಬಾರದು. ಈ ಓಂಬುಡ್ಸ್‌ಮನ್ನರಿಗೆ ದಂಡ ಹಾಕುವ ಅಧಿಕಾರವಿಲ್ಲ, ಪರವಾನಗಿ ಕಿತ್ತುಕೊಳ್ಳುವ ಅಧಿಕಾರವಿಲ್ಲ. ನಮ್ಮ ಲೋಕಾಯುಕ್ತರ ಹಾಗೆ ದಾಳಿ ಮಾಡಿ ಸುದ್ದಿಯಾಗುವವರೂ ಅಲ್ಲ. ಒಳಗೆ ಹೋಗುವ ಹಕ್ಕು, ನಿಯಮಗಳ ತಿಳಿವಳಿಕೆ, ಕೇಳುವ ಕಿವಿ, ಇಷ್ಟೇ ಅವರ ಬಂಡವಾಳ. ಮಾಲೀಕ ಭಂಡನಾದರೆ ತಪಾಸಣಾ ಇಲಾಖೆಗೆ ಬರೆಯಬೇಕು, ಆ ಇಲಾಖೆ ಎಚ್ಚರಾಗುವವರೆಗೆ ಕಾಯಬೇಕು. ಮುಖ್ಯ ರೋಗವಾದ ಕೆಲಸದವರ ಕೊರತೆಗೆ ಅವರ ಬಳಿ ಮದ್ದಿಲ್ಲ. ಒಬ್ಬೊಬ್ಬರಿಗೆ ದಿನಕ್ಕೆ ಇಷ್ಟು ಹೊತ್ತಿನ ಆರೈಕೆ ಸಿಗಲೇಬೇಕು ಎಂದು 2024ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮವನ್ನು ಮರುವರ್ಷ ಟೆಕ್ಸಸ್‌ನ ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು.

ಇದರಲ್ಲಿ ಕನ್ನಡದವರ ಪಾಲೂ ಇದೆ. ಅದೇ 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಿಸಿತು. ಆಮೇಲಿನ ವರ್ಷಗಳಲ್ಲಿ ಮೈಸೂರು, ಮಣಿಪಾಲ, ಹುಬ್ಬಳ್ಳಿಗಳಿಂದ ಹೋದ ಡಾಕ್ಟರುಗಳಿಗೆ, ಎಂಜಿನಿಯರುಗಳಿಗೆ ಈಗ ಎಂಬತ್ತು ದಾಟಿದೆ ಅಥವಾ ದಾಟುವ ಹತ್ತಿರದಲ್ಲಿದೆ. ಮರೆವಿನ ಕಾಯಿಲೆ ಬಂದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದನ್ನು ವೈದ್ಯರು ಕಂಡಿದ್ದಾರೆ. ಐವತ್ತು ವರ್ಷ ಇಂಗ್ಲಿಷಿನಲ್ಲಿ ಬಾಳಿದವರು ಹಾಸಿಗೆ ಹಿಡಿದ ಮೇಲೆ ಮಜ್ಜಿಗೆ ಎಂದು ಕೇಳಿದರೆ ತಂದುಕೊಡುವವರು ಯಾರು? ತನಗೆ ಅರ್ಥವಾಗುವ ಭಾಷೆಯಲ್ಲಿ ತನ್ನ ಆರೋಗ್ಯದ ವಿಷಯ ತಿಳಿಯುವುದು ಅಲ್ಲಿ ಹಕ್ಕು. ಆದರೆ ಆ ಹಕ್ಕನ್ನು ಕೇಳಿ ಪಡೆಯಲು ಯಾರಾದರೂ ಬಾಯಿ ತೆರೆಯಬೇಕು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಷ್ಟು ಹಳೆಯದು. ಅಮೆರಿಕದ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳನ್ನು ಚೆಂದವಾಗಿ ಮಾಡುತ್ತವೆ. ಅವುಗಳ ಸದಸ್ಯರಲ್ಲಿ ಈಚೆಗೆ ನಿವೃತ್ತರಾದ ಹತ್ತಾರು ಮಂದಿ ಈ ತರಬೇತಿ ಪಡೆದರೆ ಅದು ಯಾವ ಉತ್ಸವಕ್ಕೂ ಕಡಿಮೆಯದಲ್ಲ.

ಇನ್ನು ನಮ್ಮ ಮನೆಯಂಗಳ. 2007ರಲ್ಲಿ ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆಯ ಕಾಯ್ದೆ ಬಂತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ತಂದೆ ತಾಯಿ ಬಯಸಿದರೆ ಅವರ ಪರವಾಗಿ ಮಾತಾಡಲು ಸಮಾಜ ಕಲ್ಯಾಣ ಅಧಿಕಾರಿಯ ದರ್ಜೆಯವರೊಬ್ಬರು ಇರಬೇಕು ಎಂದು ಆ ಕಾಯ್ದೆಯ 18ನೆಯ ಕಲಂ ಹೇಳುತ್ತದೆ. ಮುಂದಿನ 19ನೆಯ ಕಲಮಿನಲ್ಲಿ ಪ್ರತಿ ಜಿಲ್ಲೆಗೂ 150 ಬಡ ಹಿರಿಯರಿಗಾದರೂ ಸಾಕಾಗುವ ವೃದ್ಧಾಶ್ರಮದ ಮಾತಿದೆ. ಎರಡು ಕಲಮುಗಳನ್ನು ಜೊತೆಗಿಟ್ಟು ಓದಿದರೆ ನಡುವಿನ ಖಾಲಿ ಜಾಗ ಕಾಣುತ್ತದೆ. ಮಗನ ವಿರುದ್ಧ ಮಾತಾಡಲು ಕಾಯ್ದೆ ಒಬ್ಬರನ್ನು ಕೊಟ್ಟಿತು, ಆಶ್ರಮದ ವಿರುದ್ಧ ಮಾತಾಡಲು ಯಾರನ್ನೂ ಕೊಡಲಿಲ್ಲ. ಮಕ್ಕಳಷ್ಟೇ ತಪ್ಪು ಮಾಡುತ್ತಾರೆ, ಆಶ್ರಮ ನಡೆಸುವವರೆಲ್ಲ ಪುಣ್ಯವಂತರು ಎಂದು ನಾವು ನಂಬಿದ್ದೇವೆ. ಪುಣ್ಯವಂತರೂ ಇದ್ದಾರೆ, ನಿಜ. ಆದರೆ ತಿಂಗಳಿಗೆ ಮೂವತ್ತು ನಲವತ್ತು ಸಾವಿರ ಪಡೆಯುವ ಆರೈಕೆ ಮನೆಗಳು ನಮ್ಮ ನಗರಗಳಲ್ಲೂ ಬಂದಿವೆ. ಅದು ವ್ಯಾಪಾರ. ವ್ಯಾಪಾರಕ್ಕೆ ಪುಣ್ಯದ ರಿಯಾಯಿತಿ ಬೇಕಾಗಿಲ್ಲ.

ಬೆಂಗಳೂರಿನಲ್ಲಿ 2002ರಲ್ಲೇ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಕೂಡಿ 1090 ಎಂಬ ಹಿರಿಯರ ಸಹಾಯವಾಣಿ ಶುರುಮಾಡಿದ್ದರು. ಈಗ ದೇಶಕ್ಕೆಲ್ಲ 14567 ಎಂಬ ಎಲ್ಡರ್‌ಲೈನ್ ಇದೆ. ಒಳ್ಳೆಯದೇ. ಆದರೆ ಫೋನು ಹಿಡಿಯಲು ಕೈ ಏಳದವರು, ಫೋನು ಮೇಲ್ವಿಚಾರಕರ ಕಪಾಟಿನಲ್ಲಿರುವವರು ಕರೆ ಮಾಡುವುದು ಹೇಗೆ? ಅವರ ಹತ್ತಿರಕ್ಕೆ ಮನುಷ್ಯರೇ ಹೋಗಬೇಕು.

ಹೋಗುವವರಿಗೆ ನಮ್ಮಲ್ಲಿ ಕೊರತೆಯೂ ಇಲ್ಲ. ಹುಟ್ಟುಹಬ್ಬ, ತಿಥಿ ಎಂದು ಆಶ್ರಮಗಳಲ್ಲಿ ಊಟ ಹಾಕಿಸುವವರು ಸಾಕಷ್ಟಿದ್ದಾರೆ. ಮುಂದಿನ ಸಲ ಹೋದಾಗ ಫೋಟೊ ತೆಗೆಸಿಕೊಂಡು ಹೊರಟುಬಿಡಬೇಡಿ. ಒಬ್ಬರ ಹತ್ತಿರ ಕುಳಿತುಕೊಳ್ಳಿ, ಮೇಲ್ವಿಚಾರಕರು ದೂರ ಇದ್ದಾಗ ಮಾತಾಡಿಸಿ. ರಾತ್ರಿ ಕರೆದರೆ ಯಾರಾದರೂ ಬರುತ್ತಾರಾ, ಸ್ನಾನ ಯಾವಾಗ ಆಯಿತು, ಮಾತ್ರೆ ಯಾವುದಕ್ಕೆ ಎಂದು ನಿಮಗೆ ಹೇಳಿದ್ದಾರಾ ಎಂದು ಕೇಳಿ. ಅವರು ದೂರು ಹೇಳಿದರೆ ಅವರ ಅಪ್ಪಣೆಯಿಲ್ಲದೆ ಯಾರ ಮುಂದೆಯೂ ಬಾಯಿಬಿಡಬೇಡಿ. ಮುಂದಿನ ತಿಂಗಳು ಊಟದ ಖರ್ಚಿಲ್ಲದೆ, ಬರಿಗೈಯಲ್ಲೇ ಮತ್ತೆ ಹೋಗಿ. ಅವರು ಆಗಲಿ ಎಂದ ದಿನ 14567ಕ್ಕೆ ಫೋನ್ ಮಾಡಿ, ಅವರ ಪಕ್ಕದಲ್ಲೇ ಕೂತು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಅಲ್ಲಿ ಕೇಳುವವರಿರುತ್ತಾರೆ, ಕರೆಗೆ ದುಡ್ಡಿಲ್ಲ.